ಗಾಳಿ ಈ ಕಡೆ ಬೀಸಿದರೆ ಕುರಿ ಎತ್ತ ಹೊಡೆಯಬೇಕು?

ಮಾನ್ಯ ಸಂಪಾದಕರೇ,

ಅಣು ವಿದ್ಯುತ್ ಬೇಕೋ ಬೇಡವೋ ಅಂತ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಇಬ್ಬರು ಓದುಗರು ಬರೆದಿದ್ದರು. ಒಬ್ಬರು ಬೇಕೇ ಬೇಕು ಅಂದರು, ಇನ್ನೊಬ್ಬರು ಚೆರ್ನೋಬಿಲ್ ನೆನಪಿಸಿದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಕೈಗಾದಂಥದ್ದೇ ವಿದ್ಯುತ್ ಸ್ಥಾವರ ಬರುತ್ತಿದೆಯಂತೆ. ಅದು ತಪ್ಪು. ಇದೇ ತಾಲ್ಲೂಕಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ.

ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ ಕೊಟ್ಟಿರುವುದು ಯುರೇನಿಯಂ ಸಮೃದ್ಧಗೊಳಿಸುವ ಕೆಲಸಕ್ಕೆ. ತರಗತಿಯಲ್ಲಿ ಇದನ್ನು ನಾನು ಶೇಂಗಾ ಇಟ್ಟುಕೊಂಡು ಹೇಳುತ್ತಿದ್ದೆ. ಸಾವಿರ ಬೀಜದಲ್ಲಿ ಏಳಕ್ಕೆ ಕೆಂಪು ಬಣ್ಣ ಹಚ್ಚಿ, ಇವು ಯು-235 ಅನ್ನುವ ಹಗುರ ಯುರೇನಿಯಂ, ಕೆಲಸಕ್ಕೆ ಬರುವುದು ಇವೇ ಅನ್ನುತ್ತಿದ್ದೆ. ಉಳಿದವು ತುಸು ಭಾರ. ಹಗುರದ್ದನ್ನು, ಭಾರದ್ದನ್ನು ಮೊರದಲ್ಲಿ ಕೇರಿದ ಹಾಗೆ ಬೇರೆ ಮಾಡಬೇಕು. ಅಲ್ಲಿ ಮೊರದ ಜಾಗದಲ್ಲಿ ಭಾರೀ ವೇಗದಲ್ಲಿ ತಿರುಗುವ ಉದ್ದನೆಯ ಕೊಳವೆಗಳಿರುತ್ತವೆ, ಅವುಗಳೊಳಗೆ ಯುರೇನಿಯಂ ಅನಿಲವಾಗಿ ಹರಿಯುತ್ತದೆ. ತಮಾಷೆ ಅಂದ್ರೆ ಕೈಗಾಕ್ಕೆ ಇದರ ಅಗತ್ಯವೇ ಇಲ್ಲ. ಅಲ್ಲಿನ 220 ಮೆಗಾವಾಟಿನ ನಾಲ್ಕೂ ಘಟಕಗಳು ಭಾರಜಲ ಅನ್ನುವ ವಿಶೇಷ ನೀರು ಬಳಸಿ, ಕೇರದ ಯುರೇನಿಯಂನಲ್ಲೇ ನಡೆಯುತ್ತವೆ.

ನಾನು ಅಣು ವಿದ್ಯುತ್ತಿನ ವಿರೋಧಿಯಲ್ಲ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು, ನಮ್ಮವರು ಫ್ಯಾನು ಅನ್ನುತ್ತಾರಲ್ಲ ಅವು, ಆಷಾಢದಲ್ಲಿ ಗಿರಗಿರ ತಿರುಗುತ್ತವೆ, ಗಾಳಿ ಬಿದ್ದರೆ ನಿಂತೇಬಿಡುತ್ತವೆ. ಪಾವಗಡದ ಸೋಲಾರ್ ಹೊತ್ತು ಮುಳುಗಿದರೆ ಮುಗಿಯಿತು. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ ಒಂದೂ ದಿನ ನಿಲ್ಲದೆ 962 ದಿನ ಓಡಿತ್ತು. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡಿದು ತೋಟಕ್ಕೆ ಓಡಿದವರಿಗೆ ಆ 962ರ ಬೆಲೆ ಗೊತ್ತು.

ಹಾಗಂತ ಉಳ್ಳಾರ್ತಿಯಲ್ಲಿ ಭಯಕ್ಕೆ ಕಾರಣವೇ ಇಲ್ಲ ಅನ್ನುತ್ತಿಲ್ಲ. ಭಯ ಬೇರೆ ಥರದ್ದು, ಅಷ್ಟೇ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಸಿಡಿದದ್ದು ರಿಯಾಕ್ಟರ್, ಅಂದರೆ ಯುರೇನಿಯಂ ಅಣು ಒಡೆದು ಶಾಖ ಹುಟ್ಟಿಸುವ ಕುಲುಮೆ. ಇಂಥ ಕಾರ್ಖಾನೆಯಲ್ಲಿ ಮೊದಲು ನೋಡಬೇಕಾದ್ದು ಆ ಅನಿಲದ ಸೋರಿಕೆಯನ್ನು. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಚರ್ಮ, ಶ್ವಾಸಕೋಶ ಎರಡನ್ನೂ ಸುಡುತ್ತದೆ. ಇನ್ನು ಜಪಾನಿನ ತೊಕೈಮುರಾ ಇದೆ. ಅದೂ ರಿಯಾಕ್ಟರ್ ಅಲ್ಲ, ಇಂಧನ ತಯಾರಿಸುವ ಕಾರ್ಖಾನೆ. 1999ರಲ್ಲಿ ಕೆಲಸಗಾರರು ಸಮೃದ್ಧ ಯುರೇನಿಯಂ ದ್ರಾವಣವನ್ನು ಬಕೆಟ್ಟಿನಲ್ಲಿ ಒಂದು ತೊಟ್ಟಿಗೆ ಮಿತಿಮೀರಿ ಸುರಿದರು. ಬಕೆಟ್ಟಿನಲ್ಲಿ! ಅಲ್ಲೇ ಅಣು ಒಡೆಯುವ ಸರಣಿ ಕ್ರಿಯೆ ಶುರುವಾಗಿ, ವಿಕಿರಣಕ್ಕೆ ಸಿಕ್ಕಿ ಇಬ್ಬರು ಸತ್ತರು. ಹತ್ತು ಕಿಲೋಮೀಟರ್ ಒಳಗಿನವರಿಗೆಲ್ಲ ಮನೆಯಿಂದ ಹೊರಗೆ ಬರಬೇಡಿ ಅಂದರು.

ಹೋದ ತಿಂಗಳು ಕಾವಲಿನ ಗೋಡೆ ಪಕ್ಕ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಸಿಕ್ಕಿದ್ದರು. ಅಮೃತಮಹಲ್ ದನಗಳ ಜೊತೆ ತಮ್ಮ ಕುರಿಯೂ ಮೇಯುತ್ತಿದ್ದ ಹುಲ್ಲುಗಾವಲು ಈಗ ಗೋಡೆಯೊಳಗೆ ಸೇರಿದೆ, ಆ ಸಿಟ್ಟು ಅವರಿಗೆ ಇನ್ನೂ ಆರಿಲ್ಲ. ಒಳಗೆ ಬಾಂಬ್ ಮಾಡ್ತಾರಂತೆ ನಿಜವೇನ್ರಿ ಮೇಷ್ಟ್ರೇ ಅಂದರು. ನನಗೆ ತಿಳಿದಷ್ಟು ಹೇಳಿದೆ. ಅನಿಲದ ವಿಷಯವನ್ನೂ ಹೇಳಿದೆ. ಬೀಡಿ ಆರಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಅಜ್ಜ ಅಂದದ್ದು ಇಷ್ಟು: ‘ಏನಾರ ಮಾಡ್ಕಳ್ಲಿ. ಗಾಳಿ ಈ ಕಡೀಗ್ ಬೀಸಿದ್ರೆ ನಾನು ಕುರಿ ಯಾವ ಕಡೀಗ್ ಹೊಡೀಬೇಕು ಅಂತನಾದ್ರೂ ಹೇಳ್ಬೇಕಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಗಾ ಸುತ್ತ 16 ಕಿಲೋಮೀಟರಿನ ತುರ್ತು ವಲಯ ಅಂತ ಗುರುತಿಸಿದ್ದಾರೆ, ಜನರನ್ನು ಸೇರಿಸಿಕೊಂಡು ಅಣಕು ಕಾರ್ಯಾಚರಣೆಯನ್ನೂ ಮಾಡುತ್ತಾರೆ. ಇಲ್ಲಿಗೆ ಅಷ್ಟು ದೊಡ್ಡ ವಲಯ ಬೇಕಾಗಲಿಕ್ಕಿಲ್ಲ. ದೇಶದ ಗುಟ್ಟು ಯಾರೂ ಕೇಳುತ್ತಿಲ್ಲ. ಗ್ರಾಮಸಭೆಗೆ ಒಬ್ಬ ಅಧಿಕಾರಿ ಬಂದು, ಸೈರನ್ ಕೂಗಿದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಹೇಳಲಿ. ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಲಿ, ಅದನ್ನು ಹಚ್ಚುವುದು ಅಲ್ಲಿನ ನರ್ಸಮ್ಮನಿಗೂ ಗೊತ್ತಿರಲಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ