ಕಪ್ಪುಹಲಗೆಯ ಮುಂದೆ ಅರ್ಧ ಗಂಟೆ: ಪದವಿ ವಿದ್ಯಾರ್ಥಿಗಳ ಭೌತವಿಜ್ಞಾನ ಶಿಬಿರಕ್ಕೆ ದೇಣಿಗೆ ಮನವಿ

ವಿದ್ಯಾಭಿಮಾನಿಗಳಾದ ಮಾನ್ಯರೇ,

1957ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ರೋಚೆಸ್ಟರ್ ನಗರದಲ್ಲಿ ಕಣಭೌತವಿಜ್ಞಾನಿಗಳ ಸಮ್ಮೇಳನ ಸೇರಿತ್ತು. ಪರಮಾಣು ಬೀಜಗಳು ಎಲೆಕ್ಟ್ರಾನ್ ಹೊರಸೂಸಿ ಬದಲಾಗುವ ಬೀಟಾ ಕ್ಷಯಕ್ಕೆ ಕಾರಣವಾದ ದುರ್ಬಲ ಬಲದ ಸ್ವರೂಪವೇನು ಎಂಬ ಪ್ರಶ್ನೆ ಆಗ ದೊಡ್ಡ ದೊಡ್ಡವರನ್ನೆಲ್ಲ ಕಾಡುತ್ತಿತ್ತು. ಅದರ ಉತ್ತರ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮಾರ್ಷಾಕ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಇಪ್ಪತ್ತೈದು ವರ್ಷದ ಭಾರತೀಯ ವಿದ್ಯಾರ್ಥಿಯೊಬ್ಬರ ಟಿಪ್ಪಣಿಗಳಲ್ಲಿತ್ತು. ಆದರೆ ವಿದ್ಯಾರ್ಥಿಯಾದ ಕಾರಣ ಅವರಿಗೆ ಅಲ್ಲಿ ಮಾತನಾಡುವ ಅವಕಾಶವಿರಲಿಲ್ಲ. ಗುರುಗಳು ಬೇರೊಂದು ವಿಷಯದ ಮೇಲೆ ಉಪನ್ಯಾಸ ನೀಡಬೇಕಿತ್ತು. ಈ ಫಲಿತಾಂಶವನ್ನು ಸಭೆಯ ಮುಂದಿಡಬೇಕಾಗಿದ್ದ ಅತಿಥಿ ವಿದ್ವಾಂಸರೂ ಅದನ್ನು ಪ್ರಸ್ತಾಪಿಸಲಿಲ್ಲ. ಸಮ್ಮೇಳನ ಮುಗಿಯಿತು. ಆ ವಿದ್ಯಾರ್ಥಿಯೇ ಎಣ್ಣಕಲ್ ಚಾಂಡಿ ಜಾರ್ಜ್ ಸುದರ್ಶನ್.

ನಮ್ಮ ಟ್ರಸ್ಟ್ ಪ್ರತಿ ಬೇಸಿಗೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಹತ್ತು ದಿನಗಳ ಭೌತವಿಜ್ಞಾನ ಶಿಬಿರವನ್ನು ನಡೆಸುತ್ತಿದೆ. ಈ ವರ್ಷದ ಶಿಬಿರಕ್ಕೆ ಸುದರ್ಶನ್ ಅವರ ಬದುಕು ಮತ್ತು ಕೆಲಸವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ. ಅದಕ್ಕೆ ನಿಮ್ಮ ನೆರವನ್ನು ಕೇಳುವ ಮೊದಲು ಈ ಆಯ್ಕೆಯ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುವುದು ನಮ್ಮ ಕರ್ತವ್ಯ.

ಸುದರ್ಶನ್ ಹುಟ್ಟಿದ್ದು 1931ರ ಸೆಪ್ಟೆಂಬರ್ 16ರಂದು, ಕೇರಳದ ಕೊಟ್ಟಾಯಂ ಬಳಿಯ ಪಳ್ಳಂನಲ್ಲಿ. ಕೊಟ್ಟಾಯಂನ ಸಿ.ಎಂ.ಎಸ್. ಕಾಲೇಜಿನಲ್ಲೂ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲೂ ಓದಿ, ಮದ್ರಾಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅಣುಲೋಕದ ನಿಯಮಗಳನ್ನು ಹೇಳುವ ಕ್ವಾಂಟಂ ಬಲವಿಜ್ಞಾನದ ಸ್ಥಾಪಕರಲ್ಲೊಬ್ಬರಾದ ಪಾಲ್ ಡಿರಾಕ್ ಅಲ್ಲಿಗೆ ಬಂದು ಆ ವಿಷಯದ ಮೇಲೆ ಉಪನ್ಯಾಸಮಾಲೆ ನೀಡಿದಾಗ ಅದರ ಟಿಪ್ಪಣಿಗಳನ್ನು ಬರೆದು ಸಿದ್ಧಪಡಿಸಿದ ಇಬ್ಬರಲ್ಲಿ ಇವರೂ ಒಬ್ಬರು. ಇಪ್ಪತ್ತರ ಹರೆಯದಲ್ಲಿ ಡಿರಾಕ್ ಅವರ ಮಾತನ್ನು ಸಾಲುಸಾಲಾಗಿ ಕೇಳಿ, ಅರ್ಥಮಾಡಿಕೊಂಡು, ಬರೆದಿಡುವುದಕ್ಕಿಂತ ದೊಡ್ಡ ಶಿಕ್ಷಣ ಯಾವುದಿದ್ದೀತು? ನಮ್ಮ ಶಿಬಿರದಲ್ಲಿ ಪ್ರತಿ ಉಪನ್ಯಾಸದ ಟಿಪ್ಪಣಿಯನ್ನು ಇಬ್ಬರು ವಿದ್ಯಾರ್ಥಿಗಳೇ ಬರೆದು, ಉಪನ್ಯಾಸಕರು ತಿದ್ದಿದ ಮೇಲೆ ಅಚ್ಚು ಹಾಕಿಸುವ ಪದ್ಧತಿಯನ್ನು ಇಟ್ಟುಕೊಂಡಿರುವುದಕ್ಕೆ ಈ ಪ್ರಸಂಗವೇ ಪ್ರೇರಣೆ.

ರೋಚೆಸ್ಟರ್‌ನಲ್ಲಿ ಅವರು ಕೈಗೆತ್ತಿಕೊಂಡ ಸಮಸ್ಯೆ ಜಟಿಲವಾಗಿತ್ತು. ನ್ಯೂಟ್ರಾನ್ ಕ್ಷಯಿಸಿ ಪ್ರೋಟಾನ್ ಆಗುವಾಗ ಎಲೆಕ್ಟ್ರಾನ್ ಮತ್ತು ಆ್ಯಂಟಿನ್ಯೂಟ್ರಿನೊ ಹೊರಬರುತ್ತವೆ. ಈ ಕ್ರಿಯೆಯ ಗಣಿತರೂಪಕ್ಕೆ ಸ್ಕೇಲಾರ್, ಸ್ಯೂಡೋಸ್ಕೇಲಾರ್, ವೆಕ್ಟರ್, ಆಕ್ಸಿಯಲ್ ವೆಕ್ಟರ್ ಮತ್ತು ಟೆನ್ಸರ್ ಎಂಬ ಐದು ಸಾಧ್ಯತೆಗಳಿದ್ದವು. 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಭೌತವಿಜ್ಞಾನಿಗಳು ದುರ್ಬಲ ಬಲವು ಎಡಬಲಗಳ ನಡುವೆ ಭೇದ ಮಾಡಬಹುದೆಂದು ಸೂಚಿಸಿದ್ದರು. ಚಿಯೆನ್ ಶಿಯುಂಗ್ ವು ಅವರ ತಂಡ ಕೋಬಾಲ್ಟ್-60ರ ಮೇಲೆ ನಡೆಸಿದ ಪ್ರಯೋಗ ಅದನ್ನು ದೃಢಪಡಿಸಿತ್ತು. ಆದರೂ ಬೀಟಾ ಕ್ಷಯದ ಪ್ರಯೋಗಗಳು ಒಂದು ದಿಕ್ಕನ್ನು ತೋರಿಸಿದರೆ ಅಲ್ಪಾಯುಷಿ ಕಣಗಳಾದ ಮ್ಯೂಯಾನ್ ಮತ್ತು ಪಯಾನ್‌ಗಳ ಕ್ಷಯ ಮತ್ತೊಂದು ದಿಕ್ಕನ್ನು ತೋರಿಸುತ್ತಿತ್ತು. ಸುದರ್ಶನ್ ಇವೆಲ್ಲವನ್ನೂ ಒಟ್ಟಿಗೆ ಮುಂದಿಟ್ಟುಕೊಂಡು, ದುರ್ಬಲ ಬಲಕ್ಕೆ ಎಲ್ಲೆಡೆಯೂ ಒಂದೇ ರೂಪವಿರುವುದಾದರೆ ಅದು ಯಾವುದಿರಬೇಕು ಎಂದು ಕೇಳಿಕೊಂಡರು. ವೆಕ್ಟರ್ ರೂಪದಿಂದ ಆಕ್ಸಿಯಲ್ ವೆಕ್ಟರ್ ರೂಪವನ್ನು ಕಳೆದದ್ದು, ಅಂದರೆ ‘ವಿ ಮೈನಸ್ ಎ’, ಎಂಬುದೊಂದೇ ಉತ್ತರವಾಗಿ ಉಳಿಯಿತು. ದುರ್ಬಲ ಬಲವು ಎಡಗೈ ತಿರುಚಿನ, ಅಂದರೆ ಸಾಗುವ ದಿಕ್ಕಿಗೆ ಎಡಮುರಿಯಾಗಿ ಸುತ್ತುವ, ಕಣಗಳನ್ನು ಮಾತ್ರ ಮುಟ್ಟುತ್ತದೆ ಎಂಬುದು ಇದರ ತಿರುಳು.

ನಾವು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಲು ಬಯಸುವ ಭಾಗ ಇದರ ಮುಂದಿನದು. ಈ ಉತ್ತರ ಆಗಿನ ನಾಲ್ಕು ಪ್ರಯೋಗಗಳಿಗೆ ವಿರುದ್ಧವಾಗಿತ್ತು. ಟೆನ್ಸರ್ ರೂಪವನ್ನು ಎತ್ತಿಹಿಡಿದಿದ್ದ ಹೀಲಿಯಂ-6ರ ಪ್ರಸಿದ್ಧ ಪ್ರಯೋಗವೂ ಅವುಗಳಲ್ಲಿ ಸೇರಿತ್ತು. ಸುದರ್ಶನ್ ಮತ್ತು ಮಾರ್ಷಾಕ್ ತಮ್ಮ ಸಿದ್ಧಾಂತವನ್ನು ಸಡಿಲಿಸದೆ, ಆ ನಾಲ್ಕೂ ಪ್ರಯೋಗಗಳನ್ನು ಹೆಸರಿಸಿ, ಅವುಗಳನ್ನು ಮತ್ತೆ ಮಾಡಿ ನೋಡಬೇಕೆಂದು ಬರೆದರು. ಮತ್ತೆ ಮಾಡಿದಾಗ ಹಳೆಯ ಫಲಿತಾಂಶಗಳೇ ತಪ್ಪೆಂದು ತಿಳಿಯಿತು. ಕಾಣುವುದೇ ಇಲ್ಲವೆಂದು ಭಾವಿಸಿದ್ದ, ಪಯಾನ್ ಎಲೆಕ್ಟ್ರಾನ್ ಆಗಿ ಕ್ಷಯಿಸುವ ಕ್ರಿಯೆ 1958ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕಂಡಿತು. ದತ್ತಾಂಶವನ್ನು ಗೌರವಿಸುತ್ತಲೇ ಅದನ್ನು ಪ್ರಶ್ನಿಸುವ ಇಂಥ ಧೈರ್ಯ, ಲೆಕ್ಕವನ್ನು ಆಮೂಲಾಗ್ರವಾಗಿ ಮಾಡಿ ಮುಗಿಸಿದವರಿಗೆ ಮಾತ್ರ ಬರುತ್ತದೆಂದು ನಾವು ನಂಬಿದ್ದೇವೆ.

ಮಾರ್ಷಾಕ್ ಈ ಫಲಿತಾಂಶವನ್ನು 1957ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಪಾದುವಾ ಮತ್ತು ವೆನಿಸ್‌ಗಳಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದರು. ಆದರೆ ಆ ಸಮ್ಮೇಳನದ ಸಂಪುಟ ಅಚ್ಚಾಗಿ ಬರುವ ಮೊದಲೇ, 1958ರ ಜನವರಿಯಲ್ಲಿ, ರಿಚರ್ಡ್ ಫೈನ್‌ಮನ್ ಮತ್ತು ಮರ್ರೆ ಗೆಲ್‌ಮನ್ ಇದೇ ರೂಪವನ್ನು ಪ್ರತಿಪಾದಿಸಿದ ಪ್ರಬಂಧ ಪ್ರಕಟವಾಗಿ, ಲೋಕ ಬಹುಕಾಲ ಅವರಿಬ್ಬರ ಹೆಸರನ್ನೇ ಮೊದಲು ಹೇಳಿತು. ಸಿದ್ಧಾಂತವನ್ನು ಮೊದಲು ಕಂಡವರು ಸುದರ್ಶನ್ ಮತ್ತು ಮಾರ್ಷಾಕ್ ಎಂಬುದನ್ನು ಫೈನ್‌ಮನ್ ಅವರೇ ಮುಂದೆ ಒಪ್ಪಿಕೊಂಡರು. ದುರ್ಬಲ ಬಲವನ್ನೂ ವಿದ್ಯುತ್ಕಾಂತ ಬಲವನ್ನೂ ಒಂದುಗೂಡಿಸಿದ್ದಕ್ಕಾಗಿ ಗ್ಲಾಶೋ, ಸಲಾಂ ಮತ್ತು ವೈನ್‌ಬರ್ಗ್ ಅವರಿಗೆ 1979ರಲ್ಲಿ ನೊಬೆಲ್ ಬಂದಿತು. ಆ ಸಿದ್ಧಾಂತ ನಿಂತಿರುವುದು ಇದೇ ತಳಹದಿಯ ಮೇಲೆ.

ಉಳಿದ ಸಾಧನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1962ರಲ್ಲಿ ಬಿಲಾನ್ಯುಕ್ ಮತ್ತು ದೇಶಪಾಂಡೆ ಅವರೊಡನೆ, ಬೆಳಕಿಗಿಂತ ವೇಗವಾಗಿ ಸಾಗುವ ಕಣಗಳನ್ನು ಸಾಪೇಕ್ಷತಾ ಸಿದ್ಧಾಂತ ನಿಷೇಧಿಸುವುದಿಲ್ಲವೆಂದು ತೋರಿಸಿದರು. ಅಂಥ ಕಣಗಳು ಇದುವರೆಗೆ ಕಂಡಿಲ್ಲ. 1963ರಲ್ಲಿ ಬೆಳಕಿನ ಯಾವುದೇ ಸ್ಥಿತಿಯನ್ನು ಕೊಹೆರೆಂಟ್ ಸ್ಥಿತಿಗಳ (ಲೇಸರ್ ಬೆಳಕಿನಂತೆ ಅಲೆಗಳು ಒಂದೇ ತಾಳದಲ್ಲಿರುವ ಸ್ಥಿತಿಗಳ) ಮೂಲಕ ವರ್ಣಿಸುವ ಸೂತ್ರವನ್ನು ಕೊಟ್ಟರು. ಅದು ಇಂದು ಅಮೆರಿಕದ ಭೌತವಿಜ್ಞಾನಿ ರಾಯ್ ಗ್ಲೌಬರ್ ಮತ್ತು ಸುದರ್ಶನ್ ಇಬ್ಬರ ಹೆಸರನ್ನೂ ಹೊತ್ತಿದೆ. 2005ರ ನೊಬೆಲ್ ಪ್ರಶಸ್ತಿಯ ಪಾಲು ಗ್ಲೌಬರ್ ಅವರಿಗೆ ದೊರೆತು ಸುದರ್ಶನ್ ಅವರಿಗೆ ದೊರೆಯದೆ ಹೋದಾಗ ಹಲವು ಭೌತವಿಜ್ಞಾನಿಗಳು ಪ್ರತಿಭಟಿಸಿದರು, ಮತ್ತು ಆ ನೋವು ನಮ್ಮದೂ ಹೌದು. 1977ರಲ್ಲಿ ಬೈದ್ಯನಾಥ ಮಿಶ್ರಾ ಅವರೊಡನೆ ಬರೆದ ಪ್ರಬಂಧ, ಕ್ಷಯಿಸಬೇಕಾದ ಕ್ವಾಂಟಂ ವ್ಯವಸ್ಥೆಯನ್ನು ಎಡೆಬಿಡದೆ ಗಮನಿಸುತ್ತಿದ್ದರೆ ಅದು ಕ್ಷಯಿಸದೆ ಉಳಿಯುತ್ತದೆಂದು ಸಾಧಿಸಿತು. ಕ್ವಾಂಟಂ ಝೀನೊ ಪರಿಣಾಮವೆಂದು ಹೆಸರಾದ ಇದು 1990ರಲ್ಲಿ ಬೆರಿಲಿಯಂ ಅಯಾನುಗಳ ಪ್ರಯೋಗದಲ್ಲಿ ಕಂಡುಬಂತು.

ಕನ್ನಡ ನಾಡಿಗೂ ಅವರ ಋಣವಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಲು ಮುಂದಾದರು. ರೋಚೆಸ್ಟರ್‌ನಲ್ಲಿ ಅವರ ಶಿಷ್ಯರಾಗಿದ್ದ ಎನ್. ಮುಕುಂದ ಅವರು ಆ ಕೇಂದ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದರು. 1980ರ ದಶಕದಲ್ಲಿ ಚೆನ್ನೈನ ಗಣಿತವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಸುದರ್ಶನ್ ದುಡಿದರು. 1976ರಲ್ಲಿ ಪದ್ಮಭೂಷಣ, 2007ರಲ್ಲಿ ಪದ್ಮವಿಭೂಷಣ ಪಡೆದ ಅವರಿಗೆ 2010ರಲ್ಲಿ ಇಟಲಿಯ ಟ್ರಿಯೆಸ್ಟ್‌ನ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ನೀಡುವ ಡಿರಾಕ್ ಪದಕ ಸಂದಿತು. ಯೌವನದಲ್ಲಿ ಯಾರ ಉಪನ್ಯಾಸಕ್ಕೆ ಟಿಪ್ಪಣಿ ಬರೆದಿದ್ದರೋ ಅವರ ಹೆಸರಿನ ಪದಕವದು. 2018ರ ಮೇ 13ರಂದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅವರು ತೀರಿಕೊಂಡರು.

ಸೈದ್ಧಾಂತಿಕ ಭೌತವಿಜ್ಞಾನಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ಕಾಗದ, ಹಲಗೆ, ಒಳ್ಳೆಯ ಪುಸ್ತಕಗಳು, ತಪ್ಪನ್ನು ತಾಳ್ಮೆಯಿಂದ ತಿದ್ದುವ ಹಿರಿಯರು, ಜೊತೆಗೆ ತಾನು ಕಂಡುಕೊಂಡದ್ದನ್ನು ನಾಲ್ವರ ಮುಂದೆ ನಿಂತು ಹೇಳುವ ಅವಕಾಶ ಇದ್ದರೆ ಸಾಕು. ನಮ್ಮ ಜಿಲ್ಲಾ ಕೇಂದ್ರಗಳ ಮತ್ತು ತಾಲ್ಲೂಕುಗಳ ಕಾಲೇಜುಗಳಲ್ಲಿ ಈ ಕೊನೆಯದೇ ದುರ್ಲಭ. ಹಿಂದೊಮ್ಮೆ ನಮ್ಮ ಶಿಬಿರದ ವಿದ್ಯಾರ್ಥಿನಿಯೊಬ್ಬಳು ಹೊರರಾಜ್ಯದ ಬೇಸಿಗೆ ಶಾಲೆಯೊಂದಕ್ಕೆ ಆಯ್ಕೆಯಾಗಿಯೂ ರೈಲಿನ ಖರ್ಚು ಹೊಂದದೆ ಹೋಗಲಾಗಲಿಲ್ಲ. ಅದು ನಮಗೆ ತಿಳಿದದ್ದು ಶಾಲೆ ಮುಗಿದ ಮೇಲೆ. ಅಂದಿನಿಂದ ಪ್ರಯಾಣ ನಿಧಿಯೊಂದನ್ನು ಬೇರೆಯಾಗಿಯೇ ಇಡಬೇಕೆಂದು ನಿಶ್ಚಯಿಸಿದ್ದೇವೆ.

ಈ ಸಲ ನಲವತ್ತು ವಿದ್ಯಾರ್ಥಿಗಳನ್ನು ಕರೆಯುವ ಉದ್ದೇಶವಿದೆ. ಶಿಬಿರದಲ್ಲಿ ಪ್ರತಿಯೊಬ್ಬರಿಗೂ ಕಪ್ಪುಹಲಗೆಯ ಮುಂದೆ ಅರ್ಧ ಗಂಟೆ ಮೀಸಲು. ಆ ಅರ್ಧ ಗಂಟೆಯಲ್ಲಿ ಅಧ್ಯಾಪಕರು ಕೇಳುಗರ ಸಾಲಿನಲ್ಲಿ ಕುಳಿತಿರುತ್ತಾರೆ. ಒಬ್ಬ ವಿದ್ಯಾರ್ಥಿಯ ಊಟ, ವಸತಿ, ಪ್ರಯಾಣ ಮತ್ತು ಪುಸ್ತಕಗಳಿಗೆ 9,000 ರೂಪಾಯಿಯಂತೆ 3,60,000 ರೂಪಾಯಿ, ಅತಿಥಿ ವಿದ್ವಾಂಸರ ಪ್ರಯಾಣ ಮತ್ತು ವಸತಿಗೆ 90,000 ರೂಪಾಯಿ, ಟಿಪ್ಪಣಿಗಳ ಮುದ್ರಣಕ್ಕೆ 50,000 ರೂಪಾಯಿ, ಪ್ರಯಾಣ ನಿಧಿಗೆ 2,00,000 ರೂಪಾಯಿ, ಹೀಗೆ ಒಟ್ಟು 7,00,000 ರೂಪಾಯಿ ಬೇಕಾಗಿದೆ. ಟ್ರಸ್ಟಿಗಳು ಮತ್ತು ಅಧ್ಯಾಪಕರು ಯಾವ ಸಂಭಾವನೆಯನ್ನೂ ಪಡೆಯುವುದಿಲ್ಲ.

ತಾವು ಒಬ್ಬ ವಿದ್ಯಾರ್ಥಿಯ ಪೂರ್ಣ ವೆಚ್ಚವನ್ನು ವಹಿಸಿಕೊಳ್ಳಬಹುದು, ಅಥವಾ ಶಕ್ತ್ಯನುಸಾರ ಯಾವುದೇ ಮೊತ್ತವನ್ನು ನೀಡಬಹುದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲವಾದ್ದರಿಂದ ದಯವಿಟ್ಟು ಚೆಕ್, ಬ್ಯಾಂಕ್ ವರ್ಗಾವಣೆ ಅಥವಾ ಯುಪಿಐ ಮೂಲಕ ಕಳುಹಿಸಿ, ಟ್ರಸ್ಟಿನ ಕಚೇರಿಯಿಂದ ರಸೀದಿ ಪಡೆಯಿರಿ. ಮನೆಯಲ್ಲಿರುವ ಭೌತವಿಜ್ಞಾನ ಮತ್ತು ಗಣಿತದ ಪುಸ್ತಕಗಳನ್ನೂ ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ಶಿಬಿರ ಮುಗಿದ ಮೇಲೆ ಲೆಕ್ಕಪತ್ರವನ್ನೂ ವಿದ್ಯಾರ್ಥಿಗಳು ಬರೆದ ಟಿಪ್ಪಣಿಗಳ ಒಂದು ಪ್ರತಿಯನ್ನೂ ಪ್ರತಿಯೊಬ್ಬ ದಾನಿಗೂ ಅಂಚೆಯಲ್ಲಿ ಕಳುಹಿಸಲಾಗುವುದು. ವಿದ್ಯಾರ್ಥಿಗಳ ಸರದಿ ಶಿಬಿರದ ಆರನೆಯ ದಿನ ಆರಂಭವಾಗುತ್ತದೆ. ಅಂದಿನಿಂದ ಕೊನೆಯವರೆಗೆ ಯಾವ ದಿನವಾದರೂ ಬಂದು, ಹಿಂದಿನ ಸಾಲಿನಲ್ಲಿ ಕುಳಿತು ಕೇಳಬೇಕೆಂದು ತಮ್ಮನ್ನು ಆದರದಿಂದ ಆಹ್ವಾನಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಅಧ್ಯಕ್ಷರು ಮತ್ತು ಸದಸ್ಯರು