ಮೀಟರ್ ಬೋರ್ಡ್ ಇನ್ನು ಮುಂದೆ ನೆರೆ ನೀರಿನ ಗೆರೆಗಿಂತ ಮೇಲೆ

ಗೋಕಾಕ ಮತ್ತು ಸುತ್ತಲಿನ ಹೊಳೆಸಾಲಿನ ಊರುಗಳಲ್ಲಿ ನಮ್ಮಿಂದ ವೈರಿಂಗ್ ಮಾಡಿಸುವ ಗ್ರಾಹಕರಿಗೆ ನಮಸ್ಕಾರ.

ಘಟಪ್ರಭಾ, ಮಾರ್ಕಂಡೇಯ ಹೊಳೆಗಳ ನೀರು ಹೊಕ್ಕಿದ್ದ ಮನೆ, ಅಂಗಡಿಗಳಲ್ಲಿ ಮೀಟರ್ ಬೋರ್ಡಿನ ಎತ್ತರವನ್ನು ನಾವು ಇನ್ನು ಮುಂದೆ ನೆಲದಿಂದ ಅಳೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ನಿಂತಿತ್ತೋ, ಆ ಗೆರೆಯಿಂದ ಅಳೆಯುತ್ತೇವೆ. ಬೋರ್ಡಿನ ಕೆಳ ಅಂಚು ಅದಕ್ಕಿಂತ 1 ಅಡಿಯಾದರೂ ಮೇಲಿರಬೇಕು. ಇಲ್ಲದಿದ್ದರೆ ವೈರಿಂಗ್ ಕೆಲಸ ಸರಿಯಾಗಿ ಮುಗಿದಿದೆ ಎನ್ನುವ ಕಂಪ್ಲೀಷನ್ ರಿಪೋರ್ಟ್‌ಗೆ ನಾವು ಸಹಿ ಹಾಕುವುದಿಲ್ಲ. ಇದು ಕರೆಂಟ್ ಕೊಡುವ ಕಂಪನಿ ಹೆಸ್ಕಾಂ ಹೇಳಿದ್ದಲ್ಲ, ನಾವೇ ಹಾಕಿಕೊಂಡ ನಿಯಮ.

ಎಷ್ಟೋ ವರ್ಷ ನಾವು ಮೀಟರ್ ಓದುವವರ ಕಣ್ಣಿನ ಎತ್ತರ ನೋಡಿ ಬೋರ್ಡ್ ಕೂರಿಸಿದೆವು. 2019ರಲ್ಲಿ ಹೊಳೆ ಬಂದಾಗ ಅವು ಮುಳುಗಿದವು. ಅದೇ ಜಾಗದಲ್ಲಿ ಹೊಸ ಬೋರ್ಡ್ ಕೂರಿಸಿಕೊಟ್ಟೆವು. 2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು. ಅಷ್ಟು ಕಂಡ ಮೇಲೂ ಹಳೆಯ ಅಳತೆಯನ್ನೇ ಹಿಡಿದದ್ದು ನಮ್ಮ ತಪ್ಪು.

ನೀರು ಇಳಿದ ಮೇಲೆ ಎರಡು ದಿನ ಬಿಸಿಲು ಬಿದ್ದರೆ ಬೋರ್ಡ್ ಒಣಗಿದಂತೆ ಕಾಣುತ್ತದೆ. ಆದರೆ ಹೊಳೆ ನೀರಿನ ಜೊತೆ ಬಂದ ಹೂಳು, ಲೋಡ್ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ತಾನೇ ಆಫ್ (ಟ್ರಿಪ್) ಆಗುವ ಸ್ವಿಚ್ ಆದ ಎಂಸಿಬಿಯ ಒಳಗೆ ಹಾಗೇ ಕೂತಿರುತ್ತದೆ. ತೇವ ಹಿಡಿದಿಡುತ್ತದೆ. ಸ್ಕ್ರೂಗಳು ತುಕ್ಕು ಹಿಡಿಯುತ್ತವೆ, ವೈರ್ ಸೇರುವ ಕಡೆ ಬಿಸಿಯಾಗುತ್ತದೆ. ಟ್ರಿಪ್ ಆಗಬೇಕಾದ ಹೊತ್ತಿಗೆ ಎಂಸಿಬಿ ಟ್ರಿಪ್ ಆಗದೇ ಹೋಗಬಹುದು. ಹಾಗಾಗಿ ಮುಳುಗಿದ ಎಂಸಿಬಿಗಳನ್ನು, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಗಳನ್ನು ದಯವಿಟ್ಟು ಒಣಗಿಸಿ ಬಳಸಬೇಡಿ.

ನಮಗೆ ಇದಕ್ಕಿಂತ ಜಾಸ್ತಿ ಭಯ ಬೇರೊಂದಿದೆ. ಬೋರ್ಡ್ ಕೆಳಗಿದ್ದರೆ, ರಾತ್ರಿ ನೀರು ಏರುವಾಗ ಮನೆಯವರು ಯಾರಾದರೂ ಮೊಣಕಾಲು ನೀರಲ್ಲಿ ನಿಂತು ಮೇನ್ ಸ್ವಿಚ್‌ಗೆ ಕೈ ಹಾಕುತ್ತಾರೆ, ಅಲ್ವಾ? ಅದು ಆಗಬಾರದು. ಕಾಲು ಒದ್ದೆಯಾಗುವ ಮೊದಲೇ ಮೇನ್ ಆಫ್ ಮಾಡಿ. ನೀರು ಒಳಗೆ ಬಂದಾಗಿದ್ದರೆ ಬೋರ್ಡ್ ಹತ್ತಿರ ಹೋಗಬೇಡಿ. ಲೈನ್‌ಮನ್‌ಗೆ ಹೇಳಿ ಕಂಬದಲ್ಲೇ ಕರೆಂಟ್ ತೆಗೆಸಿ.

ಬೋರ್ಡ್ ಮೇಲೆ ಹೋದರೆ ಮೀಟರ್ ಓದುವುದು ಹೇಗೆ ಎಂದು ಹಲವರು ಕೇಳಿದ್ದೀರಿ. ಹೊರಗೋಡೆಗೆ ಮೆಟ್ಟಿಲಿರುವ ಗಟ್ಟಿ ಕಟ್ಟೆ ಕಟ್ಟಿಸಬಹುದು. ಮಾಳಿಗೆಗೆ ಹೊರಗಿನಿಂದ ಮೆಟ್ಟಿಲಿದ್ದರೆ ಅದರ ಪಕ್ಕ ಕೂರಿಸಬಹುದು. ಎರಡಕ್ಕೂ ಹೆಸ್ಕಾಂ ಒಪ್ಪಬೇಕು. ಅದಕ್ಕೇ ಸೆಕ್ಷನ್ ಆಫೀಸಿನವರಿಗೆ ಮೊದಲು ಜಾಗ ತೋರಿಸುತ್ತೇವೆ. ನೀರು ಚಾವಣಿ ಮುಟ್ಟಿದ್ದ ಒಂದಂತಸ್ತಿನ ಮನೆಗಳಿಗೆ ನಮ್ಮ ಬಳಿ ಪೂರ್ತಿ ಪರಿಹಾರವಿಲ್ಲ. ಅಂಥ ಮನೆಗಳಿಗೆ ಬಂದು, ನೋಡಿ, ಕೂತು ಮಾತಾಡುತ್ತೇವೆ.

ಗೆರೆಗಿಂತ ಕೆಳಗಿರುವ ಪ್ಲಗ್ ಪಾಯಿಂಟ್‌ಗಳಿಗೆ ಬೇರೆ ಎಂಸಿಬಿ ಕೊಡುತ್ತೇವೆ. ಅದೊಂದನ್ನು ಆಫ್ ಮಾಡಿ ಮೇಲಿನ ದೀಪಗಳನ್ನು ಉರಿಸಿಕೊಳ್ಳಬಹುದು. 30 ಮಿಲಿಆಂಪಿಯರ್ ಆರ್‌ಸಿಸಿಬಿ ಎಲ್ಲ ಮನೆಗೂ ಕಡ್ಡಾಯ. ಕೊನೆಗೆ ವೈರಿಂಗ್‌ನ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪರೀಕ್ಷೆ ಮಾಡುತ್ತೇವೆ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ತೊಂದರೆ ಎಲ್ಲಿದೆ ಎಂದು ಹುಡುಕದೆ ಕರೆಂಟ್ ಕೊಡುವುದಿಲ್ಲ.

ಹಳೆಯ ಗ್ರಾಹಕರಿಗೆ ಬೋರ್ಡ್ ಎತ್ತರಿಸುವ ಕೂಲಿಯಲ್ಲಿ ಅರ್ಧ ಮಾತ್ರ. ಸಾಮಾನಿನ ದುಡ್ಡು, ಹೆಸ್ಕಾಂ ಶುಲ್ಕ ನಿಮ್ಮದು. ಮೀಟರ್ ಜಾಗ ಬದಲಿಸಲು ಅರ್ಜಿ ಬೇಕು, ಅದನ್ನು ನಾವೇ ಬರೆದುಕೊಡುತ್ತೇವೆ. ಸೀಲ್ ಮಾತ್ರ ನೀವು ಮುಟ್ಟಬೇಡಿ.

ಮೃಗಶಿರಾ ಮಳೆ ಕೂಡುವ ಮೊದಲು ಆದಷ್ಟು ಮನೆಗಳನ್ನು ಮುಗಿಸಬೇಕೆಂದಿದ್ದೇವೆ. ಸುಣ್ಣ ಬಳಿದು ಗೆರೆ ಅಳಿಸಿ ಹೋಗಿದ್ದರೆ ಅಕ್ಕಪಕ್ಕದವರನ್ನು ಕೇಳಿ ಈಗಲೇ ಒಂದು ಗುರುತು ಹಾಕಿಡಿ. ನಾವು ಬಂದಾಗ ಟೇಪ್ ಹಿಡಿಯುವುದು ಅಲ್ಲಿಂದಲೇ.