ಗರ್ಭಕಂಠದ ಕ್ಯಾನ್ಸರ್ ಮತ್ತು ಆರ್‌ಎನ್‌ಎ: ರಕ್ತಪರೀಕ್ಷೆಗಾಗಿ ಕಾಯುವುದು ಬೇಡ

ಮಾನ್ಯ ಸಂಪಾದಕರೇ,

ರಕ್ತದಲ್ಲಿ ಸಿಗುವ, ಪ್ರೋಟೀನ್ ತಯಾರಿಕೆಗೆ ಸೂಚನೆ ಕೊಡದ ನಾನ್‌ಕೋಡಿಂಗ್ ಆರ್‌ಎನ್‌ಎಗಳ ಮೂಲಕ ಗರ್ಭಕಂಠದ ಕ್ಯಾನ್ಸರನ್ನು ಗುರುತಿಸಬಹುದೆಂಬ ಲೇಖನವೊಂದು ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾಗಿತ್ತು. ಇಂಥ ವಿಷಯವನ್ನು ಮುಂಬಯಿಯ ಕನ್ನಡಿಗರಿಗೆ ಕನ್ನಡದಲ್ಲಿಯೇ ಕೊಟ್ಟದ್ದು ಸಂತೋಷದ ಸಂಗತಿ. ಆದರೆ 'ಒಂದು ಹನಿ ರಕ್ತ ಸಾಕು' ಎಂಬ ಅದರ ತಲೆಬರಹವನ್ನು ಓದಿದ ನಮ್ಮ ಸಂಘದ ಮಹಿಳಾ ವಿಭಾಗದ ಕೆಲವು ಸದಸ್ಯೆಯರು, ಒಳಪರೀಕ್ಷೆಯ ಮುಜುಗರ ಇನ್ನೇಕೆ, ರಕ್ತಪರೀಕ್ಷೆ ಬಂದಾಗ ಮಾಡಿಸಿಕೊಂಡರಾಯಿತು ಎಂದು ಬರಲಿರುವ ತಪಾಸಣಾ ಶಿಬಿರದಿಂದ ತಮ್ಮ ಹೆಸರುಗಳನ್ನು ಹಿಂತೆಗೆದುಕೊಂಡಿದ್ದಾರೆ. ರೋಗಪತ್ತೆ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದ ನನಗೆ ಇದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ.

ಲೇಖನದ ಮೂಲ ವಿಷಯ ಸರಿಯಾಗಿಯೇ ಇದೆ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಗೆ ಸೂಚನೆ ಕೊಡುವ ಭಾಗ ಶೇ. 2ರ ಆಸುಪಾಸಿನದು, ಉಳಿದ ಭಾಗದಿಂದಲೂ ಅಸಂಖ್ಯ ಆರ್‌ಎನ್‌ಎಗಳು ಹುಟ್ಟುತ್ತವೆ, ಅವುಗಳಲ್ಲಿ ಹಲವು ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂಬುದನ್ನು ನಿಯಂತ್ರಿಸುತ್ತವೆ. ಇವುಗಳಲ್ಲೊಂದು ಬಗೆಯಾದ ಮೈಕ್ರೋ ಆರ್‌ಎನ್‌ಎಯನ್ನು 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಗುರುತಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಗರ್ಭಕಂಠದ ಕ್ಯಾನ್ಸರಿನಲ್ಲಿ ಇವುಗಳ ಪಾತ್ರವನ್ನು ಅರಿಯಬೇಕಾದರೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್ಸಿನಿಂದಲೇ ಆರಂಭಿಸಬೇಕು. ಈ ಕ್ಯಾನ್ಸರಿನ ಬಹುತೇಕ ಎಲ್ಲ ಪ್ರಕರಣಗಳಿಗೂ ಅದೇ ಕಾರಣ. 16 ಮತ್ತು 18ನೆಯ ಬಗೆಗಳಿಂದಲೇ ಸುಮಾರು ಶೇ. 70ರಷ್ಟು ಪ್ರಕರಣಗಳು ಉಂಟಾಗುತ್ತವೆ. ಸೋಂಕು ತಗುಲಿದ ಹೆಚ್ಚಿನ ಮಹಿಳೆಯರಲ್ಲಿ ದೇಹವೇ ಒಂದೆರಡು ವರ್ಷಗಳಲ್ಲಿ ಅದನ್ನು ನಿವಾರಿಸಿಕೊಳ್ಳುತ್ತದೆ. ಸೋಂಕು ಉಳಿದುಬಿಟ್ಟ ಕೆಲವರಲ್ಲಿ ವೈರಸ್ಸಿನ ಇ6 ಎಂಬ ಪ್ರೋಟೀನು ಜೀವಕೋಶದ ಕಾವಲುಗಾರನೆನಿಸಿದ ಪಿ53ಯನ್ನು ನಾಶಮಾಡುತ್ತದೆ, ಇ7 ಎಂಬುದು ಆರ್‌ಬಿ ಎಂಬ ಇನ್ನೊಂದು ರಕ್ಷಕ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಪಿ53 ಇಲ್ಲವಾದಾಗ, ಅದರ ಆಜ್ಞೆಯಂತೆ ತಯಾರಾಗಿ ಕೋಶವಿಭಜನೆಗೆ ಕಡಿವಾಣ ಹಾಕುತ್ತಿದ್ದ ಮಿರ್-34ಎ ಎಂಬ ಮೈಕ್ರೋ ಆರ್‌ಎನ್‌ಎಯೂ ಕುಗ್ಗುತ್ತದೆ. ಇತ್ತ ಮಿರ್-21 ಹೆಚ್ಚಾಗಿ, ಗಡ್ಡೆ ಬೆಳೆಯದಂತೆ ತಡೆಯುವ ಜೀನುಗಳನ್ನು ಅದುಮುತ್ತದೆ. ಹಾಟ್‌ಏರ್ ಎಂಬ ಉದ್ದನೆಯ ಆರ್‌ಎನ್‌ಎ ಹೆಚ್ಚಿರುವ ಗಡ್ಡೆಗಳು ದುಗ್ಧಗ್ರಂಥಿಗಳಿಗೆ ಹರಡುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಎಚ್‌ಪಿವಿ-16 ತನ್ನ ಇ7 ಜೀನಿನಿಂದಲೇ ವೃತ್ತಾಕಾರದ ಆರ್‌ಎನ್‌ಎಯೊಂದನ್ನು ತಯಾರಿಸುತ್ತದೆಂಬುದು 2019ರಲ್ಲಿ ಪ್ರಕಟವಾದ ಸಂಗತಿ. ಒಂದೇ ವೈರಸ್ ತಗುಲಿದ ಇಬ್ಬರಲ್ಲಿ ಒಬ್ಬಳು ಗುಣವಾಗಿ ಮತ್ತೊಬ್ಬಳು ಕ್ಯಾನ್ಸರಿಗೆ ಏಕೆ ತುತ್ತಾಗುತ್ತಾಳೆ, ವಿಕಿರಣ ಚಿಕಿತ್ಸೆಗೆ ಒಂದು ಗಡ್ಡೆ ಕರಗಿ ಇನ್ನೊಂದು ಏಕೆ ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರದ ಒಂದು ಭಾಗ ಇಲ್ಲಿ ಸಿಗಬಹುದೆಂಬ ಭರವಸೆ ನನಗೂ ಇದೆ.

ಆದರೆ ಗಡ್ಡೆಯ ತುಣುಕಿನಲ್ಲಿ ಕಂಡದ್ದನ್ನು ರಕ್ತದಲ್ಲಿ ನಂಬಿಕೆಯಿಂದ ಅಳೆಯುವುದು ಬೇರೆಯೇ ಕೆಲಸ. ಮಿರ್-21 ಹೆಚ್ಚುವುದು ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾತ್ರವಲ್ಲ. ಸ್ತನ, ಶ್ವಾಸಕೋಶ, ಕರುಳಿನ ಕ್ಯಾನ್ಸರುಗಳಲ್ಲಿಯೂ ಅದು ಹೆಚ್ಚುತ್ತದೆ, ಉರಿಯೂತದಲ್ಲಿಯೂ ಏರಬಹುದು. ಇನ್ನೊಂದು ತೊಡಕನ್ನು ಪ್ರಯೋಗಾಲಯದಲ್ಲಿ ಕೂತವರಷ್ಟೇ ಬಲ್ಲರು. ಸೂಜಿ ಸರಿಯಾಗಿ ಹೋಗದೆ ರಕ್ತವನ್ನು ಬಲವಂತವಾಗಿ ಎಳೆದರೆ, ಅಥವಾ ಕೊಳವೆಯನ್ನು ಜೋರಾಗಿ ಅಲುಗಿಸಿದರೆ, ಕೆಂಪು ರಕ್ತಕಣಗಳು ಒಡೆದು, ತಿಳಿಹಳದಿಯಾಗಿರಬೇಕಾದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ನಸುಗೆಂಪಾಗುತ್ತದೆ. ಆ ಕಣಗಳೊಳಗಿನ ಮೈಕ್ರೋ ಆರ್‌ಎನ್‌ಎಗಳೆಲ್ಲ ಹೊರಬಂದು ಮಾದರಿಯಲ್ಲಿ ಸೇರಿಕೊಳ್ಳುವುದರಿಂದ ಅಳತೆಯೇ ತಪ್ಪುತ್ತದೆ. ವಿರಾರಿನಲ್ಲೋ ಕರ್ಜತ್‌ನಲ್ಲೋ ತೆಗೆದ ರಕ್ತ ಬಿಸಿಲಿನಲ್ಲಿ ಪ್ರಯಾಣ ಮಾಡಿ ನಗರದ ಪ್ರಯೋಗಾಲಯ ತಲಪುವ ನಮ್ಮ ವ್ಯವಸ್ಥೆಯಲ್ಲಿ ಇದು ಸಣ್ಣ ಮಾತಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಪಾಸಣೆಯಿಂದ ನಾವು ಹುಡುಕಬೇಕಾದದ್ದು ಬೆಳೆದುನಿಂತ ಕ್ಯಾನ್ಸರನ್ನಲ್ಲ, ಕ್ಯಾನ್ಸರಾಗುವುದಕ್ಕೆ ಮುಂಚಿನ ಬದಲಾವಣೆಯನ್ನು. ಸುಲಭವಾಗಿ ಗುಣವಾಗುವ ಆ ಹಂತವನ್ನು ರಕ್ತದಲ್ಲಿ ಹಿಡಿಯುವುದು ಇನ್ನೂ ಕಠಿಣ. ವೈರಸ್ಸಿನ ಇ6, ಇ7 ಜೀನುಗಳ ಮೆಸೆಂಜರ್ ಆರ್‌ಎನ್‌ಎಯನ್ನು ಗುರುತಿಸುವ ಪರೀಕ್ಷೆ ಈಗಾಗಲೇ ಬಳಕೆಯಲ್ಲಿದೆ ನಿಜ, ಆದರೆ ಅದು ಪ್ರೋಟೀನಿನ ಸೂಚನೆ ಹೊತ್ತ ಆರ್‌ಎನ್‌ಎ, ಮಾದರಿಯನ್ನು ತೆಗೆಯುವುದೂ ಗರ್ಭಕಂಠದಿಂದಲೇ.

ತಮ್ಮ ಲೇಖನದಲ್ಲಿ ಒಂದು ಸಾಲೂ ಕಾಣದಿದ್ದ ಸಂಗತಿಯೆಂದರೆ, ಈ ರೋಗದ ತಪಾಸಣೆಯ ಕುರಿತು ಜಗತ್ತು ಗಮನಿಸಿದ ಎರಡು ದೊಡ್ಡ ಅಧ್ಯಯನಗಳು ಮಹಾರಾಷ್ಟ್ರದಲ್ಲಿಯೇ ನಡೆದಿವೆ ಎಂಬುದು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಮುಂಬಯಿಯ ಕೊಳೆಗೇರಿಗಳಲ್ಲಿ, ಹತ್ತನೆಯ ತರಗತಿಯವರೆಗೆ ಓದಿ ಕೆಲವು ವಾರಗಳ ತರಬೇತಿ ಪಡೆದ ಮಹಿಳೆಯರ ಕೈಯಿಂದಲೇ ತಪಾಸಣೆ ಮಾಡಿಸಿದರು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ಆಮ್ಲವನ್ನು ಹಚ್ಚಿ ಒಂದು ನಿಮಿಷ ಕಾದರೆ ದೋಷವಿರುವ ಜಾಗ ಬಿಳಿಯಾಗಿ ಕಾಣುತ್ತದೆ; ತಪಾಸಣೆಯೆಂದರೆ ಇಷ್ಟೇ. ಇದರಿಂದ ಈ ಕ್ಯಾನ್ಸರಿನಿಂದಾಗುವ ಸಾವಿನ ಪ್ರಮಾಣ ಶೇ. 31ರಷ್ಟು ಇಳಿಯಿತು. ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ಮಾಡಿದ ಎಚ್‌ಪಿವಿ ಪರೀಕ್ಷೆ ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 2009ರಲ್ಲಿ ವರದಿಯಾಯಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಎಚ್‌ಪಿವಿ ತಡೆಯುವ ಸರ್ವಾವ್ಯಾಕ್ ಲಸಿಕೆಯೂ ಈಗ ಲಭ್ಯವಿದ್ದು, 9ರಿಂದ 14ರ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು ಹೆಚ್ಚು ಪ್ರಯೋಜನಕಾರಿ. ಇನ್ನು ಮುಜುಗರದ ಮಾತು ಬಂದರೆ, ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ನಮ್ಮ ಸಂಘ ಸಂಸ್ಥೆಗಳು ಶಿಬಿರ ಏರ್ಪಡಿಸುವಾಗ ಈ ಸೌಲಭ್ಯವನ್ನು ಕೇಳಿ ಪಡೆಯುವುದು ಒಳ್ಳೆಯದು.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿನಂತಿ ಎರಡು. ನಾನ್‌ಕೋಡಿಂಗ್ ಆರ್‌ಎನ್‌ಎ ಆಧಾರಿತ ರಕ್ತಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿದೆ, 30 ದಾಟಿದ ಮಹಿಳೆಯರು ಈಗಿರುವ ತಪಾಸಣೆಯನ್ನು ಮುಂದೂಡಬಾರದು ಎಂಬ ಸ್ಪಷ್ಟನೆಯನ್ನು ಅದೇ ಪುರವಣಿಯಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕು. ಹಾಗೆಯೇ ಸರಕಾರಿ ಮತ್ತು ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಈ ತಪಾಸಣೆ ಎಲ್ಲೆಲ್ಲಿ, ಯಾವ ದಿನ ನಡೆಯುತ್ತದೆಂಬ ವಿವರವನ್ನು ಕನ್ನಡದಲ್ಲಿ ಆಗಾಗ ಕೊಡಬೇಕು. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ನೆಲೆಸಿರುವ ಅಕ್ಕತಂಗಿಯರಲ್ಲಿ ಅನೇಕರಿಗೆ ಮರಾಠಿ ಫಲಕಗಳನ್ನು ಓದಲು ಬರುವುದಿಲ್ಲ. ತಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ಅವರಿಗೆ ಓದಿ ಹೇಳುವ ಹೊಣೆಯನ್ನು ನಮ್ಮ ಮಹಿಳಾ ವಿಭಾಗ ವಹಿಸಿಕೊಳ್ಳುತ್ತದೆ.

ಇತಿ,
ಓರ್ವ ಓದುಗಿ, ಮುಲುಂಡ್, ಮುಂಬಯಿ